ಟರ್ಬೊ ಮತ್ತೆ ಮತ್ತೆ ಕೆಡುವುದೇಕೆ?
ಲಾರಿ ಮಾಲೀಕರ ಲೆಕ್ಕದಲ್ಲಿ ಸೋರಿಹೋಗುವ ಹಣ

ಕೊಪ್ಪಳ ಜಿಲ್ಲೆಯ ವ್ಯಾಪಾರ ವಹಿವಾಟು ಲಾರಿಯ ಗಾಲಿಗಳ ಮೇಲೆ ನಿಂತಿದೆ ಎಂದರೆ ಅತಿಶಯೋಕ್ತಿಯಾಗಲಾರದು. 1997ರಲ್ಲಿ ರಾಯಚೂರು ಜಿಲ್ಲೆಯಿಂದ ಬೇರ್ಪಟ್ಟು ಕೊಪ್ಪಳ, ಗಂಗಾವತಿ, ಕುಷ್ಟಗಿ ಮತ್ತು ಯಲಬುರ್ಗಾ ಎಂಬ ನಾಲ್ಕು ತಾಲ್ಲೂಕುಗಳೊಡನೆ ಅಸ್ತಿತ್ವಕ್ಕೆ ಬಂದ ಈ ಜಿಲ್ಲೆಯಲ್ಲಿ ಒಂದೊಂದು ಭಾಗಕ್ಕೂ ಅದರದೇ ಆದ ಸರಕಿದೆ. ಗಂಗಾವತಿ ಮತ್ತು ಕಾರಟಗಿಯ ಗಿರಣಿಗಳಿಂದ ಅಕ್ಕಿ, ನುಚ್ಚು, ತೌಡು ಹಾಗೂ ಭತ್ತದ ಹೊಟ್ಟು ಹೊರಡುತ್ತವೆ. ಗಿಣಿಗೇರಿ, ಹಿರೇಬಗನಾಳ ಸುತ್ತಲಿನ ಉಕ್ಕು ಮತ್ತು ಸ್ಪಾಂಜ್ ಐರನ್ ಕಾರ್ಖಾನೆಗಳಿಗೆ ಅದಿರು, ಕಲ್ಲಿದ್ದಲು ಬರುತ್ತವೆ. ಕುಷ್ಟಗಿ ಭಾಗದಿಂದ ಗ್ರಾನೈಟ್ ದಿಮ್ಮಿಗಳು ಸಾಗುತ್ತವೆ. ಯಲಬುರ್ಗಾದ ಎರೆಹೊಲಗಳ ಕಡಲೆ, ಜೋಳ, ಮೆಕ್ಕೆಜೋಳ ಮಾರುಕಟ್ಟೆಯನ್ನು ಸೇರುತ್ತವೆ. ಗದಗ, ಹೊಸಪೇಟೆಗಳ ನಡುವೆ ಹಾಯುವ ರಾಷ್ಟ್ರೀಯ ಹೆದ್ದಾರಿ 67 ಮತ್ತು ಕುಷ್ಟಗಿಯ ಮೂಲಕ ಸಾಗುವ ರಾಷ್ಟ್ರೀಯ ಹೆದ್ದಾರಿ 50 ಈ ಸಾಗಾಣಿಕೆಯ ಎರಡು ಮುಖ್ಯ ನಾಳಗಳಾಗಿವೆ.

ಇಂತಹ ಸಾಗಾಣಿಕೆಯಲ್ಲಿ ತೊಡಗಿರುವ ಲಾರಿ ಮಾಲೀಕರ, ತಮ್ಮದೇ ಲಾರಿಗಳನ್ನಿಟ್ಟುಕೊಂಡಿರುವ ಗಿರಣಿದಾರರ ಹಾಗೂ ಸಣ್ಣ ಉದ್ಯಮಿಗಳ ಲೆಕ್ಕಪುಸ್ತಕಗಳಲ್ಲಿ ಒಂದು ಬಾಬು ಪದೇ ಪದೇ ಕಾಣಿಸಿಕೊಳ್ಳುವುದುಂಟು. ಅದೇ ಟರ್ಬೊಚಾರ್ಜರಿನ ರಿಪೇರಿ ಅಥವಾ ಬದಲಾವಣೆಯ ಖರ್ಚು. ಹೊಸ ಟರ್ಬೊ ಹಾಕಿಸಿದ ಎರಡು ಮೂರು ತಿಂಗಳಲ್ಲೇ ಅದೇ ಲಾರಿ ಮತ್ತೆ ಗ್ಯಾರೇಜಿನಲ್ಲಿ ನಿಲ್ಲುತ್ತದೆ. ಮಾಲೀಕ ಚಾಲಕನನ್ನು ದೂರುತ್ತಾನೆ, ಚಾಲಕ ಮಿಸ್ತ್ರಿಯನ್ನು ದೂರುತ್ತಾನೆ, ಮಿಸ್ತ್ರಿ ಕಂಪನಿಯ ಮಾಲಿನ ಮೇಲೆ ತಪ್ಪು ಹೊರಿಸುತ್ತಾನೆ. ಈ ದೂರುಗಳ ನಡುವೆ ನಿಜವಾದ ಕಾರಣ ಎಂಜಿನ್ನಿನೊಳಗೆ ಹಾಗೆಯೇ ಉಳಿದುಬಿಡುತ್ತದೆ. ಒಂದೆರಡು ಲಾರಿಗಳನ್ನು ಸಾಲದ ಮೇಲೆ ಓಡಿಸುವ ಸಣ್ಣ ಮಾಲೀಕನಿಗೆ ವರ್ಷದಲ್ಲಿ ಇಂತಹ ಮೂರು ಘಟನೆಗಳು ಸಂಭವಿಸಿದರೆ ಕಂತು ಕಟ್ಟುವುದೇ ದುಸ್ತರವಾಗುತ್ತದೆ. ಆದುದರಿಂದ ಈ ವಿಷಯವನ್ನು ಕೇವಲ ಯಂತ್ರದ ವಿಷಯವೆಂದು ಮಿಸ್ತ್ರಿಗೆ ಬಿಟ್ಟುಕೊಡದೆ ವ್ಯವಹಾರದ ವಿಷಯವೆಂದು ಪರಿಶೀಲಿಸುವುದು ಅಗತ್ಯವಾಗಿದೆ.

ಟರ್ಬೊ ಮಾಡುವ ಕೆಲಸ

ಸ್ವಿಟ್ಜರ್ಲೆಂಡಿನ ಎಂಜಿನಿಯರ್ ಆಲ್ಫ್ರೆಡ್ ಬ್ಯೂಷಿ 1905ರಲ್ಲಿ ಹಕ್ಕುಸ್ವಾಮ್ಯ ಪಡೆದ ಕಲ್ಪನೆಯೇ ಇಂದಿನ ಟರ್ಬೊಚಾರ್ಜರಿಗೆ ಮೂಲ. ಅದರ ತತ್ತ್ವ ಸರಳವಾದದ್ದು. ಎಂಜಿನ್ನಿನಿಂದ ಸೈಲೆನ್ಸರಿನ ಕಡೆಗೆ ಹೋಗುವ ಬಿಸಿಹೊಗೆ ಒಂದು ಚಕ್ರವನ್ನು ತಿರುಗಿಸುತ್ತದೆ. ಅದೇ ಶಾಫ್ಟಿನ ಇನ್ನೊಂದು ತುದಿಯಲ್ಲಿರುವ ಚಕ್ರ ಹೊರಗಿನ ಗಾಳಿಯನ್ನು ಒತ್ತಡದಿಂದ ಎಂಜಿನ್ನಿಗೆ ತುಂಬುತ್ತದೆ. ಹೆಚ್ಚು ಗಾಳಿ ದೊರೆತಾಗ ಹೆಚ್ಚು ಡೀಸೆಲನ್ನು ಸಂಪೂರ್ಣವಾಗಿ ಉರಿಸಿ, ಅದೇ ಗಾತ್ರದ ಎಂಜಿನ್ನಿನಿಂದ ಹೆಚ್ಚು ಶಕ್ತಿಯನ್ನು ಪಡೆಯಬಹುದಾಗಿದೆ. ವ್ಯರ್ಥವಾಗಿ ಹೋಗುವ ಹೊಗೆಯಿಂದಲೇ ಈ ಕೆಲಸ ನಡೆಯುವುದು ಇದರ ವಿಶೇಷ.

ತತ್ತ್ವ ಸರಳವಾದರೂ ಕೆಲಸದ ಪರಿಸ್ಥಿತಿ ಕಠಿಣವಾದದ್ದು. ಭಾರವೆಳೆಯುವಾಗ ಹೊಗೆಯ ಉಷ್ಣತೆ 600ರಿಂದ 700 ಡಿಗ್ರಿ ಸೆಲ್ಸಿಯಸ್‌ವರೆಗೆ ಏರುತ್ತದೆ. ಶಾಫ್ಟು ನಿಮಿಷಕ್ಕೆ ಒಂದು ಲಕ್ಷ ಸುತ್ತುಗಳ ಆಸುಪಾಸಿನಲ್ಲಿ ತಿರುಗುತ್ತದೆ. ಇಷ್ಟು ವೇಗದ ಶಾಫ್ಟು ಬೇರಿಂಗಿನ ಲೋಹವನ್ನು ಮುಟ್ಟದೆ ತೆಳುವಾದ ಆಯಿಲ್ ಪದರದ ಮೇಲೆ ತೇಲುತ್ತಿರುತ್ತದೆ. ಈ ಪದರ ಕೆಲವೇ ಸೆಕೆಂಡುಗಳ ಕಾಲ ಇಲ್ಲವಾದರೂ ಹಾನಿ ಆರಂಭವಾಗುತ್ತದೆ. ಟರ್ಬೊವಿಗೆ ತನ್ನದೇ ಆದ ಆಯಿಲ್ ಇಲ್ಲ, ತನ್ನದೇ ಆದ ಏರ್ ಫಿಲ್ಟರ್ ಇಲ್ಲ. ಎಲ್ಲಕ್ಕೂ ಅದು ಎಂಜಿನ್ನನ್ನೇ ಅವಲಂಬಿಸಿದೆ. ಆದ್ದರಿಂದ ಎಂಜಿನ್ನಿನ ಬೇರೆ ಭಾಗಗಳ ದೋಷ ಮೊದಲು ಟರ್ಬೊವಿನಲ್ಲಿ ಪ್ರಕಟವಾಗುತ್ತದೆ. ಟರ್ಬೊ ತಾನಾಗಿ ಕೆಡುವುದು ವಿರಳ, ಬೇರೆ ದೋಷಕ್ಕೆ ಬಲಿಯಾಗುವುದೇ ಹೆಚ್ಚು. ಮೂಲ ದೋಷವನ್ನು ಸರಿಪಡಿಸದೆ ಹೊಸ ಟರ್ಬೊ ಕೂರಿಸಿದರೆ ಅದೂ ಹಳೆಯದರ ದಾರಿಯನ್ನೇ ಹಿಡಿಯುತ್ತದೆ.

ಆಯಿಲಿನ ಕೊರತೆ ಮತ್ತು ಕೊಳೆ

ಕಾರಣಗಳಲ್ಲಿ ಮೊದಲ ಸ್ಥಾನ ಎಂಜಿನ್ ಆಯಿಲಿನದು. ಅವಧಿ ಮೀರಿದ ಆಯಿಲ್, ನಕಲಿ ಫಿಲ್ಟರ್, ಕಡಿಮೆ ಮಟ್ಟ ಇವು ಬೇರಿಂಗನ್ನು ಸವೆಸುತ್ತವೆ. ಫಿಲ್ಟರ್ ಕಟ್ಟಿಕೊಂಡಾಗ ಎಂಜಿನ್ನಿಗೆ ಆಯಿಲ್ ನಿಲ್ಲಬಾರದೆಂದು ಬೈಪಾಸ್ ವಾಲ್ವ್ ತೆರೆದುಕೊಳ್ಳುತ್ತದೆ. ಆಗ ಸೋಸದ ಆಯಿಲ್ ನೇರವಾಗಿ ಹರಿಯುತ್ತದೆ. ಎಂಜಿನ್ನಿನ ದೊಡ್ಡ ಬೇರಿಂಗುಗಳು ಇದನ್ನು ಸ್ವಲ್ಪ ಕಾಲ ತಾಳಬಲ್ಲವು. ಟರ್ಬೊವಿನ ಬೇರಿಂಗು ತಾಳಲಾರದು.

ಆಯಿಲ್ ಒಯ್ಯುವ ಸಣ್ಣ ಪೈಪಿನ ಕಡೆಗೆ ಗಮನ ಹರಿಯುವುದು ಇನ್ನೂ ಕಡಿಮೆ. ಶಾಖಕ್ಕೆ ಆಯಿಲ್ ಸುಟ್ಟು ಪೈಪಿನ ಒಳಗೋಡೆಗೆ ಇದ್ದಿಲಿನಂತೆ ಗಟ್ಟಿಯಾಗಿ ಅಂಟಿಕೊಳ್ಳುತ್ತದೆ. ಹೊರಗಿನಿಂದ ಸರಿಯಾಗಿ ಕಾಣುವ ಪೈಪಿನ ಒಳದಾರಿ ಅರ್ಧಕ್ಕಿಳಿದಿರುತ್ತದೆ. ಟರ್ಬೊ ಬದಲಿಸುವಾಗ ಇದೇ ಪೈಪನ್ನು ಮತ್ತೆ ಜೋಡಿಸುವುದು ಪುನರಾವರ್ತಿತ ವೈಫಲ್ಯಕ್ಕೆ ಬಹಳ ಸಾಮಾನ್ಯವಾದ ಕಾರಣವಾಗಿದೆ. ಗ್ಯಾಸ್ಕೆಟಿಗೆ ಬದಲಾಗಿ ಟ್ಯೂಬಿನ ಅಂಟನ್ನು ಧಾರಾಳವಾಗಿ ಬಳಿದರೆ ಅದರ ತುಣುಕುಗಳು ಆಯಿಲ್ ದಾರಿಯನ್ನು ಮುಚ್ಚುತ್ತವೆ. ಹೊಸ ಟರ್ಬೊವಿಗೆ ಮೊದಲು ಶುದ್ಧ ಆಯಿಲ್ ಹೊಯ್ದು, ಶಾಫ್ಟನ್ನು ಕೈಯಿಂದ ತಿರುಗಿಸಿ, ಎಂಜಿನ್ ಶುರುವಾದ ಮೇಲೆ ಕೆಲವು ನಿಮಿಷ ನಿಧಾನ ವೇಗದಲ್ಲಿ ಓಡಿಸಬೇಕು. ಇದನ್ನು ಬಿಟ್ಟು ಶುರುಮಾಡಿದ ಕೂಡಲೇ ಎಕ್ಸಲರೇಟರ್ ಒತ್ತಿ ಪರೀಕ್ಷಿಸಿದರೆ ಹೊಸ ಬೇರಿಂಗು ಒಣದಾಗಿಯೇ ತಿರುಗಿ ಮೊದಲ ದಿನವೇ ಗಾಯಗೊಳ್ಳುತ್ತದೆ.

ಬಿಸಿಯಿರುವಾಗಲೇ ಎಂಜಿನ್ ನಿಲ್ಲಿಸುವ ಅಭ್ಯಾಸ

ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಈ ಪ್ರದೇಶದಲ್ಲಿ ಪೂರ್ಣ ಭಾರ ಹೊತ್ತು ಬಂದ ಲಾರಿಯನ್ನು ಢಾಬಾದ ಮುಂದೆಯೋ ವೇಬ್ರಿಜ್ಜಿನ ಸಾಲಿನಲ್ಲಿಯೋ ಥಟ್ಟನೆ ಬಂದ್ ಮಾಡುವುದು ರೂಢಿ. ಎಂಜಿನ್ ನಿಂತೊಡನೆ ಆಯಿಲ್ ಹರಿವೂ ನಿಲ್ಲುತ್ತದೆ, ಆದರೆ ಟರ್ಬೊವಿನ ಶಾಖ ನಿಲ್ಲುವುದಿಲ್ಲ. ಬೇರಿಂಗಿನಲ್ಲಿ ಸಿಕ್ಕಿಕೊಂಡ ಆಯಿಲ್ ಅಲ್ಲಿಯೇ ಸುಟ್ಟು ಕರಿಯಾಗುತ್ತದೆ. ನಿಲ್ಲಿಸುವ ಮುನ್ನ ಮೂರರಿಂದ ಐದು ನಿಮಿಷ ಎಂಜಿನ್ನನ್ನು ನಿಧಾನ ವೇಗದಲ್ಲಿ ಬಿಟ್ಟರೆ ಈ ಹಾನಿ ತಪ್ಪುತ್ತದೆ. ಇದಕ್ಕೆ ತಗಲುವ ಡೀಸೆಲ್ ಅತ್ಯಲ್ಪ.

ಇದರ ವಿರುದ್ಧ ಅಭ್ಯಾಸವೂ ಹಾನಿಕರವೇ. ಲೋಡಿಂಗ್ ಸಾಲಿನಲ್ಲಿ ಗಂಟೆಗಟ್ಟಲೆ ಎಂಜಿನ್ನನ್ನು ಸುಮ್ಮನೆ ಓಡಿಸುತ್ತಿದ್ದರೆ ಟರ್ಬೊವಿನೊಳಗೆ ಸಾಕಷ್ಟು ಗಾಳಿಯ ಒತ್ತಡವಿಲ್ಲದೆ ಆಯಿಲ್ ಸೀಲನ್ನು ದಾಟಿ ಹೊರಗೆ ಜಿನುಗುತ್ತದೆ. ಇದನ್ನು ನೋಡಿ ಟರ್ಬೊ ಕೆಟ್ಟಿತೆಂದು ಬಿಚ್ಚುವವರೂ ಇದ್ದಾರೆ.

ಹೊಟ್ಟು, ಅದಿರು, ಕಲ್ಲುಪುಡಿ

ಈ ಜಿಲ್ಲೆಯ ಸರಕುಗಳೇ ಟರ್ಬೊವಿಗೆ ಒಂದು ಪರೀಕ್ಷೆಯಾಗಿವೆ. ಭತ್ತದ ಹೊಟ್ಟನ್ನು ಸುಟ್ಟರೆ ಅದರ ತೂಕದ ಸುಮಾರು ಐದನೆಯ ಒಂದು ಭಾಗ ಬೂದಿಯಾಗಿ ಉಳಿಯುತ್ತದೆ. ಆ ಬೂದಿಯ ಬಹುಪಾಲು ಸಿಲಿಕಾ. ಗ್ರಾನೈಟಿನ ಪುಡಿಯಲ್ಲಿಯೂ ಸಿಲಿಕಾ ಹೇರಳವಾಗಿದೆ. ಕಾರ್ಖಾನೆಗಳ ರಸ್ತೆಗಳಲ್ಲಿ ಅದಿರಿನ ಸಣ್ಣ ಪುಡಿ ಸದಾ ಹಾರಾಡುತ್ತಿರುತ್ತದೆ. ಗಾಳಿ ತಳ್ಳುವ ಚಕ್ರವನ್ನು ಸಾಮಾನ್ಯವಾಗಿ ಅಲ್ಯೂಮಿನಿಯಂ ಮಿಶ್ರಲೋಹದಿಂದ ಮಾಡಿರುತ್ತಾರೆ. ಲಕ್ಷ ಸುತ್ತಿನ ವೇಗದಲ್ಲಿ ಈ ಪುಡಿ ತಾಗಿದರೆ ಚಕ್ರದ ಎಲೆಗಳ ಅಂಚು ಮರಳು ಕಾಗದದಿಂದ ಉಜ್ಜಿದಂತೆ ಸವೆಯುತ್ತದೆ. ಸವೆತ ಎಲ್ಲ ಎಲೆಗಳಲ್ಲೂ ಒಂದೇ ಸಮನಾಗಿರುವುದಿಲ್ಲವಾದುದರಿಂದ ಶಾಫ್ಟಿನ ಸಮತೋಲ ತಪ್ಪಿ ಬೇರಿಂಗು ಹೋಗುತ್ತದೆ.

ಏರ್ ಫಿಲ್ಟರನ್ನು ಪ್ರತಿ ವಾರ ತೆಗೆದು ಪಂಕ್ಚರ್ ಅಂಗಡಿಯ ಗಾಳಿಯಿಂದ ಊದಿಸುವುದು ಒಳ್ಳೆಯ ನಿರ್ವಹಣೆಯೆಂದು ಅನೇಕರು ನಂಬಿದ್ದಾರೆ. ವಾಸ್ತವದಲ್ಲಿ ಹೆಚ್ಚಿನ ಒತ್ತಡದ ಗಾಳಿ ಕಾಗದದಲ್ಲಿ ಕಣ್ಣಿಗೆ ಕಾಣದ ರಂಧ್ರಗಳನ್ನು ಮಾಡುತ್ತದೆ; ಪ್ರತಿ ಬಾರಿ ಡಬ್ಬಿ ತೆರೆದಾಗ ಸ್ವಲ್ಪ ಧೂಳು ಒಳದಾರಿಗೆ ಬೀಳುತ್ತದೆ. ಫಿಲ್ಟರ್ ಕಟ್ಟಿದ್ದನ್ನು ತೋರಿಸುವ ಸೂಚಕವಿದ್ದರೆ ಅದು ಸೂಚಿಸಿದಾಗ ಬದಲಿಸುವುದೇ ಸರಿಯಾದ ಕ್ರಮ. ಫಿಲ್ಟರಿನಿಂದ ಟರ್ಬೊವರೆಗಿನ ರಬ್ಬರ್ ಹೋಸು ಬಿರಿದಿದ್ದರೆ ಅಥವಾ ಅದರ ಕ್ಲಿಪ್ಪು ಸಡಿಲವಾಗಿದ್ದರೆ ಎಷ್ಟೇ ಬೆಲೆಬಾಳುವ ಫಿಲ್ಟರ್ ಹಾಕಿದರೂ ಪ್ರಯೋಜನವಿಲ್ಲ.

ಹಳೆಯ ಟರ್ಬೊವಿನ ತುಣುಕುಗಳು ಇನ್ನೊಂದು ಅಪಾಯ. ಚಕ್ರ ಮುರಿದಾಗ ಅದರ ಚೂರುಗಳು ಮತ್ತು ಆಯಿಲ್ ಇಂಟರ್‌ಕೂಲರಿನಲ್ಲಿ ಹಾಗೂ ಪೈಪುಗಳಲ್ಲಿ ಉಳಿಯುತ್ತವೆ. ಅವನ್ನು ಬಿಚ್ಚಿ ತೊಳೆಯದಿದ್ದರೆ ಚೂರುಗಳು ಎಂಜಿನ್ನನ್ನು ಹೊಕ್ಕು ವಾಲ್ವು, ಪಿಸ್ಟನ್ನುಗಳನ್ನು ಕೆಡಿಸಿ, ಅಲ್ಲಿಂದ ಹೊಗೆಯೊಡನೆ ಹೊರಬಂದು ಹೊಸ ಟರ್ಬೊವಿನ ಬಿಸಿಚಕ್ರಕ್ಕೆ ಬಡಿಯಬಲ್ಲವು.

ಮಿತಿಮೀರಿದ ವೇಗ ಮತ್ತು ಭಾರ

ಇಂಟರ್‌ಕೂಲರಿನ ಹೋಸಿನಲ್ಲಿ ಗಾಳಿ ಸೋರುತ್ತಿದ್ದರೆ ಎಂಜಿನ್ನಿಗೆ ಗಾಳಿ ಸಾಲದೆ ಕಪ್ಪು ಹೊಗೆ ಬರುತ್ತದೆ, ಪಿಕಪ್ ಕುಗ್ಗುತ್ತದೆ. ಚಾಲಕ ಎಕ್ಸಲರೇಟರನ್ನು ಇನ್ನಷ್ಟು ಒತ್ತುತ್ತಾನೆ. ಟರ್ಬೊ ಆ ಕೊರತೆಯನ್ನು ತುಂಬಲು ತನ್ನ ಮಿತಿಯನ್ನು ಮೀರಿ ತಿರುಗುತ್ತದೆ. ಕೆಲವು ನೂರು ರೂಪಾಯಿಗಳ ಹೋಸಿನ ಬಿರುಕು ಹತ್ತಾರು ಸಾವಿರದ ಟರ್ಬೊವನ್ನು ಬಲಿತೆಗೆದುಕೊಳ್ಳುವುದು ಹೀಗೆ. ಪಿಕಪ್ ಹೆಚ್ಚಿಸಲೆಂದು ಡೀಸೆಲ್ ಪಂಪಿನ ಸೀಲು ಒಡೆದು ಡೀಸೆಲ್ ಪ್ರಮಾಣ ಏರಿಸುವುದರಿಂದಲೂ ಹೊಗೆಯ ಶಾಖ ಮತ್ತು ಟರ್ಬೊವಿನ ವೇಗ ಎರಡೂ ಮಿತಿಮೀರುತ್ತವೆ.

ಮಿತಿಮೀರಿದ ಭಾರ ಈ ಎಲ್ಲ ದೋಷಗಳನ್ನೂ ಉಲ್ಬಣಗೊಳಿಸುತ್ತದೆ. 2018ರ ಜುಲೈನಲ್ಲಿ ಕೇಂದ್ರ ಸರ್ಕಾರ ಮೂರು ಆಕ್ಸಲ್ ಲಾರಿಯ ಒಟ್ಟು ತೂಕದ ಮಿತಿಯನ್ನು 25 ಟನ್‌ನಿಂದ 28.5 ಟನ್‌ಗೆ ಏರಿಸಿತು. ಈ ಏರಿಕೆಯಿಂದ ಹಳೆಯ ಎಂಜಿನ್ನಿನ ಸಾಮರ್ಥ್ಯ ಏರಲಿಲ್ಲ ಎಂಬುದನ್ನು ಮರೆಯಬಾರದು. 2019ರ ತಿದ್ದುಪಡಿಯ ಪ್ರಕಾರ ಮಿತಿ ಮೀರಿದರೆ 20,000 ರೂಪಾಯಿ ಮತ್ತು ಹೆಚ್ಚುವರಿ ಪ್ರತಿ ಟನ್ನಿಗೆ 2,000 ರೂಪಾಯಿ ದಂಡವಿದೆ. ದಂಡದಿಂದ ಪಾರಾದ ಲಾರಿಯೂ ಟರ್ಬೊವಿನ ರೂಪದಲ್ಲಿ ದಂಡ ತೆರುತ್ತಿರುತ್ತದೆ.

ಹೊಗೆಯ ದಾರಿ ಮತ್ತು ಹೊಸ ಎಂಜಿನ್ನುಗಳು

2020ರ ಏಪ್ರಿಲ್ 1ರಿಂದ ದೇಶದಾದ್ಯಂತ ಭಾರತ್ ಸ್ಟೇಜ್-6 ಮಾನಕ ಜಾರಿಗೆ ಬಂದಿತು. ಡೀಸೆಲ್ಲಿನಲ್ಲಿ ಗಂಧಕದ ಪ್ರಮಾಣದ ಮಿತಿ ಹತ್ತು ಲಕ್ಷ ಭಾಗಗಳಿಗೆ 50ರಿಂದ 10 ಭಾಗಗಳಿಗೆ ಇಳಿಯಿತು. ಹೊಸ ಲಾರಿಗಳ ಹೊಗೆಯ ದಾರಿಯಲ್ಲಿ ಮಸಿ ಹಿಡಿಯುವ ಫಿಲ್ಟರ್ ಮತ್ತು ಯೂರಿಯಾ ದ್ರಾವಣ ಬಳಸುವ ಶುದ್ಧೀಕರಣ ಸಾಧನಗಳು ಸೇರಿದವು. ಬೂದಿ ಹೆಚ್ಚಾಗುವ ಹಳೆಯ ಶ್ರೇಣಿಯ ಎಂಜಿನ್ ಆಯಿಲ್ ಬಳಸಿದರೆ ಮಸಿಯ ಫಿಲ್ಟರ್ ಬೇಗ ಕಟ್ಟುತ್ತದೆ. ಗುಣಮಟ್ಟವಿಲ್ಲದ ಯೂರಿಯಾ ದ್ರಾವಣದಿಂದ ಪೈಪಿನಲ್ಲಿ ಹರಳು ಗಟ್ಟುತ್ತದೆ. ಹೊಗೆಗೆ ಹೊರದಾರಿ ಸಿಗದಿದ್ದಾಗ ಒತ್ತಡ ಹಿಮ್ಮುಖವಾಗಿ ಟರ್ಬೊವಿನ ಮೇಲೆ ಬಿದ್ದು ಶಾಖ ಏರುತ್ತದೆ, ಸೀಲುಗಳು ಸೋಲುತ್ತವೆ. ಹಳೆಯ ಲಾರಿಗಳಲ್ಲಿಯೂ ಮಸಿ ತುಂಬಿದ ಸೈಲೆನ್ಸರ್ ಇದೇ ಪರಿಣಾಮವನ್ನು ಉಂಟುಮಾಡುತ್ತದೆ.

ಟರ್ಬೊವಿನಿಂದ ಆಯಿಲ್ ಹಿಂತಿರುಗುವ ಪೈಪಿನಲ್ಲಿ ಆಯಿಲ್ ತನ್ನ ಭಾರದಿಂದಲೇ ಕೆಳಗಿಳಿಯಬೇಕು. ಅದನ್ನು ತಳ್ಳುವ ಪಂಪು ಇಲ್ಲ. ಪೈಪು ಬಾಗಿದ್ದರೆ, ಎಂಜಿನ್ನಿನ ಉಸಿರುನಾಳ ಕಟ್ಟಿದ್ದರೆ ಅಥವಾ ಪಿಸ್ಟನ್ ರಿಂಗುಗಳು ಸವೆದು ಎಂಜಿನ್ನಿನೊಳಗೆ ಒತ್ತಡ ಹೆಚ್ಚಿದ್ದರೆ ಆಯಿಲ್ ಹಿಂತಿರುಗದೆ ಸೀಲನ್ನು ದಾಟುತ್ತದೆ. ಎಂಜಿನ್ನಿನ ರಿಂಗು ಬದಲಿಸಬೇಕಾದ ಕಡೆ ಟರ್ಬೊ ಬದಲಿಸಿದರೆ ಹಣ ಹೋಗುವುದೇ ಹೊರತು ಸೋರಿಕೆ ನಿಲ್ಲುವುದಿಲ್ಲ.

ಕೆಟ್ಟ ಟರ್ಬೊವೇ ಸಾಕ್ಷಿ

ಕೆಟ್ಟ ಭಾಗವನ್ನು ಗುಜರಿಗೆ ಹಾಕುವ ಮೊದಲು ಓದಬೇಕು. ಶಾಫ್ಟು ಶಾಖಕ್ಕೆ ನೀಲಿ ಅಥವಾ ಕಪ್ಪು ಬಣ್ಣಕ್ಕೆ ತಿರುಗಿದ್ದರೆ ಆಯಿಲಿನ ಕೊರತೆ. ಬೇರಿಂಗಿನ ಮೇಲೆ ಗೀರುಗಳಿದ್ದರೆ ಆಯಿಲಿನಲ್ಲಿ ಕೊಳೆ. ಕರಿಯಾದ ಗಟ್ಟಿ ಪದರವಿದ್ದರೆ ಬಿಸಿಯಲ್ಲೇ ನಿಲ್ಲಿಸಿದ್ದು. ಗಾಳಿಚಕ್ರದ ಅಂಚು ನಯವಾಗಿ ಸವೆದಿದ್ದರೆ ಧೂಳು. ಎಲೆಗಳು ಬಾಗಿ ಮುರಿದಿದ್ದರೆ ಹೊರವಸ್ತು ಬಡಿದದ್ದು. ಚಕ್ರವೇ ಸಿಡಿದಿದ್ದರೆ ಮಿತಿಮೀರಿದ ವೇಗವನ್ನು ಶಂಕಿಸಬೇಕು. ಈ ಗುರುತುಗಳನ್ನು ಮಾಲೀಕ, ಚಾಲಕ, ಮಿಸ್ತ್ರಿ ಮೂವರೂ ಒಟ್ಟಿಗೆ ನೋಡಿದರೆ ದೂರುವ ಮಾತಿಗೆ ಅವಕಾಶ ಕಡಿಮೆಯಾಗುತ್ತದೆ. ನಕಲಿ ಫಿಲ್ಟರಿನ ತಪ್ಪಿಗೆ ಚಾಲಕನ ಸಂಬಳ ಹಿಡಿಯುವಂತಹ ಅನ್ಯಾಯವೂ ತಪ್ಪುತ್ತದೆ.

ಲೆಕ್ಕದ ದೃಷ್ಟಿಯಿಂದ

ಒಂದು ಕಾಲ್ಪನಿಕ ಉದಾಹರಣೆಯಿಂದ ವಿಷಯ ಸ್ಪಷ್ಟವಾಗುತ್ತದೆ. ಟರ್ಬೊವಿಗೆ 35,000 ರೂಪಾಯಿ, ಕೂಲಿ, ಆಯಿಲ್ ಮತ್ತು ಫಿಲ್ಟರಿಗೆ 12,000 ರೂಪಾಯಿ, ಲಾರಿ ನಾಲ್ಕು ದಿನ ನಿಂತದ್ದಕ್ಕೆ ದಿನಕ್ಕೆ 4,000ದಂತೆ 16,000 ರೂಪಾಯಿ ಎಂದಿಟ್ಟುಕೊಂಡರೆ ಒಂದು ಘಟನೆಯ ವೆಚ್ಚ 63,000 ರೂಪಾಯಿಗಳಾಗುತ್ತದೆ. ವರ್ಷಕ್ಕೆ ಮೂರು ಬಾರಿಯಾದರೆ 1,89,000 ರೂಪಾಯಿ. ಮೊದಲ ಬಾರಿಯೇ ಆಯಿಲ್ ಪೈಪುಗಳು, ಹೋಸುಗಳು, ಏರ್ ಫಿಲ್ಟರ್ ಬದಲಿಸಿ, ಇಂಟರ್‌ಕೂಲರ್ ತೊಳೆಸಿ, ಆಯಿಲ್ ಒತ್ತಡ ಪರೀಕ್ಷಿಸಲು ಹೆಚ್ಚುವರಿಯಾಗಿ 15,000 ರೂಪಾಯಿ ಖರ್ಚಾದರೂ ಒಟ್ಟು 78,000ಕ್ಕೆ ವಿಷಯ ಮುಗಿಯುತ್ತದೆ. ಉಳಿತಾಯ 1,11,000 ರೂಪಾಯಿ. ತಿಂಗಳಿಗೆ 30,000 ರೂಪಾಯಿ ಉಳಿಸುವ ಮಾಲೀಕನಿಗೆ ಇದು ಮೂರೂವರೆ ತಿಂಗಳಿಗೂ ಮಿಕ್ಕ ದುಡಿಮೆ.

ತೆರಿಗೆಯ ಅಂಶವನ್ನೂ ಗಮನಿಸಬೇಕು. ಹತ್ತಕ್ಕಿಂತ ಹೆಚ್ಚು ವಾಹನಗಳಿಲ್ಲದ ಮಾಲೀಕರು ಅಂದಾಜು ಆದಾಯದ ಪದ್ಧತಿಯನ್ನು ಆರಿಸಿಕೊಳ್ಳಬಹುದು. ಅದರಲ್ಲಿ 12 ಟನ್ ಮೀರಿದ ವಾಹನಕ್ಕೆ ತಿಂಗಳಿಗೆ ಟನ್ನಿಗೆ 1,000 ರೂಪಾಯಿ, ಇತರ ವಾಹನಕ್ಕೆ ತಿಂಗಳಿಗೆ 7,500 ರೂಪಾಯಿ ಆದಾಯವೆಂದು ಪರಿಗಣಿಸಲಾಗುತ್ತದೆ. ಈ ಲೆಕ್ಕ ವಾಹನ ಮಾಲೀಕನ ಬಳಿ ಇದ್ದ ತಿಂಗಳುಗಳಿಗೆ ಅನ್ವಯಿಸುತ್ತದೆಯೇ ಹೊರತು ಓಡಿದ ದಿನಗಳಿಗಲ್ಲ. ಲಾರಿ ಗ್ಯಾರೇಜಿನಲ್ಲಿ ನಿಂತಿದ್ದರೂ ಆದಾಯ ಲೆಕ್ಕಕ್ಕೆ ಬರುತ್ತದೆ; ಟರ್ಬೊವಿನ ಖರ್ಚನ್ನು ಪ್ರತ್ಯೇಕವಾಗಿ ಕಳೆಯಲು ಬರುವುದಿಲ್ಲ. ಪುಸ್ತಕಗಳನ್ನಿಟ್ಟು ನೈಜ ಆದಾಯ ತೋರಿಸುವವರಿಗೆ ರಿಪೇರಿ ಖರ್ಚು ದೊರೆಯುತ್ತದೆಯಾದರೂ ಒಬ್ಬರಿಗೇ ಒಂದೇ ದಿನ 10,000 ರೂಪಾಯಿ ಮೀರಿ ನಗದಾಗಿ ಕೊಟ್ಟ ಖರ್ಚು ಸಾಮಾನ್ಯವಾಗಿ ಒಪ್ಪಿಗೆಯಾಗುವುದಿಲ್ಲ.

2025ರ ಸೆಪ್ಟೆಂಬರ್ 22ರಿಂದ ವಾಹನಗಳ ಬಿಡಿಭಾಗಗಳ ಮೇಲಿನ ಜಿಎಸ್‌ಟಿ ಏಕರೂಪವಾಗಿ ಶೇ. 18 ಆಗಿದೆ. ಶೇ. 5ರ ದರದಲ್ಲಿ ತೆರಿಗೆ ಸಲ್ಲುವ ಸಾಗಾಣಿಕೆದಾರರಿಗೆ ಈ ತೆರಿಗೆಯ ಹೂಡುವಳಿ ಜಮೆ ಸಿಗದು. ಅದು ಪೂರ್ಣವಾಗಿ ಖರ್ಚೇ. ತೆರಿಗೆಯುಳ್ಳ ಸರಕನ್ನು ತಯಾರಿಸಿ ತಮ್ಮದೇ ಲಾರಿಯಲ್ಲಿ ಸಾಗಿಸುವ ಉದ್ಯಮಿಗಳಿಗೆ ಸರಿಯಾದ ಬಿಲ್ಲಿದ್ದರೆ ಜಮೆ ದೊರೆಯುತ್ತದೆ. ಬಿಲ್ಲಿಲ್ಲದ ಅಗ್ಗದ ಟರ್ಬೊ ಕೊಂಡವರು ಜಮೆಯನ್ನೂ ವಾರಂಟಿಯನ್ನೂ ಒಟ್ಟಿಗೆ ಕಳೆದುಕೊಳ್ಳುತ್ತಾರೆ. ವಾರಂಟಿ ಇದ್ದರೂ ಬಿಚ್ಚಿ ನೋಡಿದಾಗ ಆಯಿಲಿನ ಕೊರತೆಯೋ ಹೊರವಸ್ತುವಿನ ಗುರುತೋ ಕಂಡರೆ ತಯಾರಕರು ಕ್ಲೇಮನ್ನು ಒಪ್ಪುವುದಿಲ್ಲ. ಸಾಮಾನ್ಯ ವಾಹನ ವಿಮೆಯು ಯಾಂತ್ರಿಕ ವೈಫಲ್ಯವನ್ನು ಒಳಗೊಳ್ಳುವುದಿಲ್ಲ. ಅಂದರೆ ಈ ನಷ್ಟವನ್ನು ಹೊರಲು ಮಾಲೀಕನ ಹೊರತು ಬೇರಾರೂ ಇಲ್ಲ.

ಮಾಲೀಕರು ಅನುಸರಿಸಬಹುದಾದ ಕ್ರಮ

ಪ್ರತಿ ಲಾರಿಗೂ ಒಂದು ಪ್ರತ್ಯೇಕ ಖಾತೆ ಪುಟವಿರಲಿ. ಅದರಲ್ಲಿ ಆಯಿಲ್, ಫಿಲ್ಟರ್ ಬದಲಿಸಿದ ದಿನಾಂಕ, ಕಿಲೋಮೀಟರ್, ಬಿಲ್ ಸಂಖ್ಯೆ ದಾಖಲಾಗಲಿ. ಎಲ್ಲ ಲಾರಿಗಳ ರಿಪೇರಿಯನ್ನು ಒಂದೇ ಶೀರ್ಷಿಕೆಯಡಿ ಬರೆದರೆ ಯಾವ ಲಾರಿ ಹಣ ನುಂಗುತ್ತಿದೆ ಎಂಬುದು ವರ್ಷಾಂತ್ಯದಲ್ಲಿಯೂ ತಿಳಿಯುವುದಿಲ್ಲ. ಟರ್ಬೊ ಬದಲಿಸಿದಾಗ ಕೆಟ್ಟ ಭಾಗದ ಗುರುತು, ಕಂಡುಬಂದ ಕಾರಣ ಮತ್ತು ಕೈಗೊಂಡ ಪರಿಹಾರ ಈ ಮೂರನ್ನೂ ಬಿಲ್ಲಿನ ಹಿಂಬದಿಯಲ್ಲಾದರೂ ಬರೆಸಿಕೊಳ್ಳಬೇಕು. ಕಾರಣದ ಕಾಲಂ ಖಾಲಿಯಿರುವ ಬಿಲ್ಲಿಗೆ ಹಣ ಕೊಡುವ ಮೊದಲು ಒಮ್ಮೆ ಪ್ರಶ್ನಿಸುವುದು ಮಾಲೀಕನ ಹಕ್ಕು. ಹೊಟ್ಟು, ಅದಿರು ಸಾಗಿಸುವ ಲಾರಿಗಳ ಫಿಲ್ಟರ್ ಮತ್ತು ಆಯಿಲ್ ಅವಧಿಯನ್ನು ತಯಾರಕರ ಪುಸ್ತಕದಲ್ಲಿ ಧೂಳಿನ ಪ್ರದೇಶಕ್ಕೆ ಸೂಚಿಸಿರುವಂತೆ ಕಡಿಮೆ ಮಾಡಿಕೊಳ್ಳಬೇಕು. ಎಂಜಿನ್ ನಿಲ್ಲಿಸುವ ಮುನ್ನ ಐದು ನಿಮಿಷ ತಾಳುವಂತೆ ಚಾಲಕರಿಗೆ ಹೇಳಿದರಷ್ಟೇ ಸಾಲದು. ಬೇಗ ತಲುಪಿದವರಿಗೆ ಮಾತ್ರ ಭತ್ಯೆ ಕೊಡುವ ಪದ್ಧತಿಯಿದ್ದರೆ ಆ ತಾಳ್ಮೆಯನ್ನು ಅವರಿಂದ ನಿರೀಕ್ಷಿಸಲಾಗದು.

ಗಿರಣಿಯ ಮೋಟಾರು ಎರಡು ಬಾರಿ ಸುಟ್ಟರೆ ಯಾವ ಗಿರಣಿದಾರನೂ ಮೂರನೆಯದನ್ನು ಕೊಳ್ಳುವ ಮೊದಲು ವಿದ್ಯುತ್ ಮಾರ್ಗವನ್ನು ಪರೀಕ್ಷಿಸದೆ ಇರುವುದಿಲ್ಲ. ಅದೇ ವಿವೇಕವನ್ನು ಲಾರಿಯ ವಿಷಯದಲ್ಲಿಯೂ ತೋರಿದರೆ ಟರ್ಬೊವಿನ ಬಿಲ್ಲು ವರ್ಷಕ್ಕೆ ಮೂರು ಬಾರಿ ಬರಬೇಕಾದ ಅಗತ್ಯವಿಲ್ಲ.